ಚರ್ಚಿನ ಮಾಡಿನಿಂದ ಬಾವಿಯವರೆಗೆ: ನಿಮ್ಮ ಚರ್ಚಿನಲ್ಲಿ ಪರಿಸರದ ಕೆಲಸ ಶುರು ಮಾಡುವುದು ಹೇಗೆ?

ವಿಶ್ವ ಪರಿಸರ ದಿನವಾದ ಜೂನ್ 5 ಬಂತೆಂದರೆ ಕರಾವಳಿಯ ಎಷ್ಟೋ ಚರ್ಚುಗಳಲ್ಲಿ ಗಿಡ ನೆಡುವ ಕಾರ್ಯಕ್ರಮ ಇರುತ್ತದೆ. ಬಲಿಪೂಜೆ ಮುಗಿಯುತ್ತದೆ, ಫಾದರ್ ಗಿಡಗಳನ್ನು ಆಶೀರ್ವದಿಸುತ್ತಾರೆ, ಮಕ್ಕಳು ಗುಂಡಿಗೆ ಮಣ್ಣು ಹಾಕುತ್ತಾರೆ. ಮಳೆಗಾಲದಲ್ಲಿ ಗಿಡ ಚೆನ್ನಾಗಿಯೇ ಬರುತ್ತದೆ. ಫೆಬ್ರವರಿಯ ಬಿಸಿಲು ಶುರುವಾದ ಮೇಲೆ ಅದರ ಹತ್ತಿರ ಯಾರೂ ಹೋಗುವುದಿಲ್ಲ. ಮುಂದಿನ ಜೂನಿನಲ್ಲಿ ಅದೇ ಗುಂಡಿಯಲ್ಲಿ ಇನ್ನೊಂದು ಗಿಡ. ನಮ್ಮ ಚರ್ಚಿನಲ್ಲೂ ಹೀಗೇ ಆಗಿದೆ. ಗಿಡ ನೆಟ್ಟವರ ಪ್ರೀತಿಯಲ್ಲಿ ಕೊರತೆ ಇರಲಿಲ್ಲ. ನೆಟ್ಟ ಮೇಲೆ ನೀರು ಹಾಕುವವರು ಯಾರು ಅಂತ ಯಾರೂ ಕೇಳಿರಲಿಲ್ಲ.

ಪರಿಸರದ ಕೆಲಸಕ್ಕೆ ಹೊಸ ಸಮಿತಿ, ಹೊಸ ದಿನಾಚರಣೆ ಬೇಕು ಅಂತ ನನಗೆ ಅನ್ನಿಸುವುದಿಲ್ಲ. ಬೇಕಾದದ್ದೆಲ್ಲ ಚರ್ಚಿನಲ್ಲಿ ಆಗಲೇ ಇದೆ. ಊರಿನಲ್ಲೇ ದೊಡ್ಡದೆನಿಸುವ ಒಂದು ಮಾಡು (ಛಾವಣಿ) ಇದೆ. ಅಂಗಳದಲ್ಲಿ ಬಾವಿ ಇದೆ. ಚರ್ಚಿನ ಮನೆಗಳ ಗುಂಪಾದ ಪ್ರತಿ ವಾರ್ಡಿಗೂ ಒಬ್ಬ ಗುರಿಕಾರ, ಅಂದರೆ ಮುಖಂಡ, ಇದ್ದಾರೆ. ಎಲ್ಲಕ್ಕಿಂತ ಹೆಚ್ಚಾಗಿ, ಯಾರೂ ನೆನಪಿಸದೆ ವರ್ಷವರ್ಷವೂ ಬರುವ ಹಬ್ಬಗಳಿವೆ. ಕೆಲಸವನ್ನು ಇವುಗಳಿಗೆ ಕಟ್ಟಿಬಿಟ್ಟರೆ ಫಾದರ್ ವರ್ಗವಾಗಿ ಹೋದರೂ ಅದು ನಿಲ್ಲುವುದಿಲ್ಲ.

ದಕ್ಷಿಣ ಕನ್ನಡ, ಉಡುಪಿಯ ಕಥೊಲಿಕ ಚರ್ಚುಗಳನ್ನು ಮನಸ್ಸಿನಲ್ಲಿಟ್ಟು ಇದನ್ನು ಬರೆಯುತ್ತಿದ್ದೇನೆ. ಪ್ರೊಟೆಸ್ಟೆಂಟರ ಸಿಎಸ್‌ಐ ಸಭೆಯವರು ಮೊಂತಿ ಹಬ್ಬದ (ನಮ್ಮ ಹೊಸ ತೆನೆಯ ಹಬ್ಬ) ಜಾಗದಲ್ಲಿ ತಮ್ಮ ಬೆಳೆ ಹಬ್ಬವನ್ನು ಇಟ್ಟುಕೊಂಡು ಓದಿದರೆ ಸಾಕು.

ಹೆಜ್ಜೆ 1: ಜೋರು ಮಳೆ ಬರುವಾಗ ಕೊಡೆ ಹಿಡಿದು ಒಂದು ಸುತ್ತು ಬನ್ನಿ

ಸಭೆ ಕರೆಯುವ ಮೊದಲು ಇದನ್ನು ಮಾಡಿ. ಮಾಡಿನ ನೀರು ಎಲ್ಲಿ ಬೀಳುತ್ತದೆ? ಅಂಗಳದಿಂದ ಯಾವ ಕಡೆ ಹರಿಯುತ್ತದೆ? ಗೇಟಿನಿಂದ ರಸ್ತೆಗೆ ಇಳಿಯುತ್ತಿದೆಯಾ? ಮೊಬೈಲಿನಲ್ಲಿ ಒಂದು ವಿಡಿಯೊ ಮಾಡಿಕೊಳ್ಳಿ. ಪಾಲನಾ ಮಂಡಳಿಯ ಸಭೆಯಲ್ಲಿ ಅರ್ಧ ಗಂಟೆ ಮಾತಾಡುವುದಕ್ಕಿಂತ ಆ ಎರಡು ನಿಮಿಷದ ವಿಡಿಯೊ ಜಾಸ್ತಿ ಕೆಲಸ ಮಾಡುತ್ತದೆ.

ಅಂಗಳಕ್ಕೆ ಇಂಟರ್‌ಲಾಕ್ ಹಾಕಿದ್ದಾರಾ, ಎಷ್ಟು ಭಾಗಕ್ಕೆ ಹಾಕಿದ್ದಾರೆ ಅಂತಲೂ ನೋಡಿ. ಕಳೆದ ಕೆಲವು ವರ್ಷಗಳಲ್ಲಿ ಬಹಳ ಚರ್ಚುಗಳ ಅಂಗಳ ಪೂರ್ತಿ ಇಂಟರ್‌ಲಾಕ್ ಆಗಿದೆ. ಪಾರ್ಕಿಂಗಿಗೆ, ಮೆರವಣಿಗೆಗೆ ಅನುಕೂಲ ಹೌದು. ಆದರೆ ಮೊದಲು ಮಣ್ಣಿಗೆ ಇಳಿಯುತ್ತಿದ್ದ ನೀರು ಈಗ ನೇರ ಚರಂಡಿಗೆ ಹೋಗುತ್ತದೆ. ಆಗಲೇ ಹಾಕಿದ್ದನ್ನು ಕೀಳಬೇಕಾಗಿಲ್ಲ. ಉಳಿದ ಜಾಗಕ್ಕೆ ಇನ್ನು ಹಾಕುವುದಿಲ್ಲ ಅಂತ ಮಂಡಳಿಯಲ್ಲಿ ಒಂದು ನಿರ್ಣಯ ಮಾಡಿಸಿ. ಇದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ. ನೂರು ಗಿಡ ನೆಡುವುದಕ್ಕಿಂತ ಇದು ದೊಡ್ಡ ಕೆಲಸ ಅಂತ ನಾನು ನಂಬಿದ್ದೇನೆ.

ಹೆಜ್ಜೆ 2: ಮಾಡಿನ ನೀರನ್ನು ಬಾವಿಗೆ ತಿರುಗಿಸಿ

ಒಂದೇ ಒಂದು ಕೆಲಸ ಮಾಡಲು ಸಾಧ್ಯ ಅಂತಿದ್ದರೆ ಇದನ್ನೇ ಮಾಡಿ.

ಲೆಕ್ಕ ಸುಲಭ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಚರ್ಚು 25 ಮೀಟರ್ ಉದ್ದ, 16 ಮೀಟರ್ ಅಗಲ ಇದೆ ಅಂದುಕೊಳ್ಳಿ. ಒಟ್ಟು 400 ಚದರ ಮೀಟರ್. ಮಾಡಿನ ಇಳಿಜಾರನ್ನು ಅಳೆಯಬೇಡಿ, ನೆಲದ ಅಳತೆಯೇ ಸಾಕು. ಮಂಗಳೂರಿನ ಕಡೆ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬರುತ್ತದೆ. ಅಂದರೆ ಆ ಒಂದು ಮಾಡಿನ ಮೇಲೆ 14 ಲಕ್ಷ ಲೀಟರ್. ಸೋರಿಕೆ, ಆವಿ, ಮೊದಲ ಮಳೆಯ ಕೊಳೆ ಅಂತ ಐದರಲ್ಲಿ ಒಂದು ಪಾಲು ಬಿಟ್ಟರೂ 11 ಲಕ್ಷ ಲೀಟರಿಗೆ ಮೋಸವಿಲ್ಲ. 6,000 ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ಇದು 180ಕ್ಕೂ ಜಾಸ್ತಿ ಟ್ಯಾಂಕರ್ ನೀರು.

ಇಷ್ಟು ಮಳೆ ಬರುವ ಊರಿನಲ್ಲೂ ನಾವು ಬಾಯಾರಿದ್ದೇವೆ. 2016ರಲ್ಲಿ, ಮತ್ತೆ 2019ರಲ್ಲಿ ತುಂಬೆ ಅಣೆಕಟ್ಟೆಯ ನೀರು ತಳಕ್ಕೆ ಇಳಿದು ಮಂಗಳೂರಿಗೆ ಕೆಲವು ದಿನ ನಿಲ್ಲಿಸಿ ಕೆಲವು ದಿನ ಮಾತ್ರ ನೀರು ಬಿಡಬೇಕಾಯಿತು. ಅದನ್ನು ನೋಡಿದ ಮೇಲೆ ಮಾಡಿನ ನೀರನ್ನು ರಸ್ತೆಗೆ ಬಿಡಲು ಮನಸ್ಸು ಬರುವುದಿಲ್ಲ ಅಲ್ವಾ?

ಕೆಲಸ ಹೀಗೆ ಮಾಡಿ. ಏಪ್ರಿಲ್‌ನಲ್ಲಿ ಮಾಡಿನ ಅಂಚಿಗೆ ನೀರು ಹಿಡಿದು ಸಾಗಿಸುವ ದಂಬೆ ಕಟ್ಟಿಸಿ. ಹಳೆಯ ಹೆಂಚಿನ ಮಾಡಾದರೆ ಮೊದಲು ಪಾಚಿ, ತರಗೆಲೆ ತೆಗೆಸಿ. ದಂಬೆಯಿಂದ ಇಳಿಯುವ ಪೈಪಿನಲ್ಲಿ ಒಂದು ಟಿ ಜೋಡಿಸಿ, ಕೆಳಗೆ ಮುಚ್ಚಳ ಹಾಕಿ. ಮೊದಲ ಎರಡು ಮೂರು ಮಳೆಗೆ ಆ ಮುಚ್ಚಳ ತೆರೆದೇ ಇರಲಿ. ಧೂಳು, ಹಕ್ಕಿಯ ಹಿಕ್ಕೆ ಎಲ್ಲ ತೊಳೆದುಹೋಗುತ್ತದೆ. ಆಮೇಲೆ ಮುಚ್ಚಿ ನೀರನ್ನು ಸೋಸುವ ತೊಟ್ಟಿಗೆ ಬಿಡಿ.

ತೊಟ್ಟಿಯ ತಳದಲ್ಲಿ ದಪ್ಪ ಜಲ್ಲಿ, ಅದರ ಮೇಲೆ ಸಣ್ಣ ಜಲ್ಲಿ, ನಂತರ ಇದ್ದಿಲು, ಮೇಲೆ ತೊಳೆದ ಮರಳು. ಪ್ರತಿ ಪದರದ ನಡುವೆ ನೈಲಾನ್ ಬಲೆ ಹಾಕಿ, ಇಲ್ಲದಿದ್ದರೆ ಒಂದು ಮಳೆಗಾಲದಲ್ಲೇ ಎಲ್ಲ ಕಲಸಿಹೋಗುತ್ತದೆ.

ಬಹಳ ಜನ ಇಲ್ಲಿ ಒಂದು ತಪ್ಪು ಮಾಡುತ್ತಾರೆ. ಮನೆಗೆ ಇಡುವ 200 ಲೀಟರಿನ ಡ್ರಮ್ಮನ್ನೇ ಚರ್ಚಿಗೂ ಇಡುತ್ತಾರೆ. ಜುಲೈಯ ಜೋರು ಮಳೆ ಗಂಟೆಗೆ 50 ಮಿಲಿಮೀಟರ್ ಸುರಿದರೆ 400 ಚದರ ಮೀಟರ್ ಮಾಡಿನಿಂದ ಒಂದು ಗಂಟೆಗೆ 20 ಸಾವಿರ ಲೀಟರ್ ಬರುತ್ತದೆ. ಡ್ರಮ್ಮು ತುಂಬಿ ಉಕ್ಕಿ, ಕೊಳೆ ನೀರು ಹಾಗೇ ಬಾವಿಗೆ ನುಗ್ಗುತ್ತದೆ. ಆದ್ದರಿಂದ ಮಾಡಿನ ಒಂದು ಬದಿಯನ್ನು ಮಾತ್ರ ಬಾವಿಗೆ ಜೋಡಿಸಿ. ಉಳಿದ ಬದಿಯ ನೀರು, ತೊಟ್ಟಿಯಿಂದ ಉಕ್ಕಿದ ನೀರು ಎರಡೂ ಅಂಗಳದ ಇಂಗುಗುಂಡಿಗೆ ಹೋಗಲಿ.

ಇನ್ನು ಕೆಲವು ಎಚ್ಚರಿಕೆ. ನೀರು ಬಾವಿಯ ಗೋಡೆಗೆ ಬಡಿಯಬಾರದು, ಮುರಕಲ್ಲು ಕೊರೆದುಹೋಗುತ್ತದೆ. ಪೈಪಿನ ತುದಿ ಬಾವಿಯ ನಡುವಿಗೆ ಬರುವಂತೆ ಬಗ್ಗಿಸಿ, ಕೆಳಗಿನ ತನಕ ಇಳಿಸಿ. ಚರ್ಚ್ ಹಾಲ್‌ಗೆ ಸಿಮೆಂಟ್ ಶೀಟಿನ ಮಾಡು ಇದ್ದರೆ ಆ ನೀರನ್ನು ಕುಡಿಯುವ ಬಾವಿಗೆ ಬಿಡಬೇಡಿ. ಸಿಮೆಟ್ರಿಯ (ಸಮಾಧಿ ಸ್ಥಳದ) ಕಡೆಯಿಂದ ಹರಿದು ಬರುವ ನೀರನ್ನಂತೂ ಯಾವ ಕಾರಣಕ್ಕೂ ಬಿಡಬೇಡಿ. ಶೌಚಾಲಯದ ಗುಂಡಿಯ ಹತ್ತಿರವೂ ಇಂಗುಗುಂಡಿ ತೋಡಬೇಡಿ. ಕೆಲಸಕ್ಕೆ ಮೊದಲು ಒಮ್ಮೆ, ಮಳೆಗಾಲ ಮುಗಿದ ಮೇಲೆ ಒಮ್ಮೆ ಬಾವಿಯ ನೀರನ್ನು ಪರೀಕ್ಷೆಗೆ ಕೊಡಿ.

ಮೊದಲ ವರ್ಷವೇ ಏಪ್ರಿಲ್‌ನಲ್ಲಿ ಬಾವಿ ತುಂಬಿರುತ್ತದೆ ಅಂತ ಯಾರಿಗೂ ಮಾತು ಕೊಡಬೇಡಿ. ನಮ್ಮ ಮುರಕಲ್ಲಿನ ನೆಲ ಜರಡಿಯ ಹಾಗೆ. ಗುಡ್ಡದ ಮೇಲಿನ ಚರ್ಚಿನ ಬಾವಿಗೆ ಜುಲೈಯಲ್ಲಿ ಬಿಟ್ಟ ನೀರು ಮೆಲ್ಲಗೆ ಕೆಳಗಿನ ತೋಟಕ್ಕೆ, ತೋಡಿಗೆ (ಹಳ್ಳಕ್ಕೆ) ಇಳಿದು ಹೋಗುತ್ತದೆ. ಸೆಪ್ಟೆಂಬರಿನಿಂದ ನವೆಂಬರಿನವರೆಗೆ ಬರುವ ಕೊನೆಯ ಮಳೆಗಳೇ ಇದಕ್ಕೆ ಮುಖ್ಯ. ಮಳೆ ಕಡಿಮೆಯಾಯಿತು ಅಂತ ಆಗಸ್ಟಿನಲ್ಲೇ ಪೈಪು ಬಿಚ್ಚಬೇಡಿ. ಇಳಿದು ಹೋದ ನೀರೂ ಹಾಳಾಗುವುದಿಲ್ಲ. ಕೆಳಗಿನ ಮನೆಯವರ ಬಾವಿಯಲ್ಲಿ ಅದು ಸಿಗುತ್ತದೆ. ಆ ಮನೆಯವರು ನಮ್ಮ ಚರ್ಚಿನವರೇ ಆಗಿರಬೇಕು ಅಂತೇನಿಲ್ಲ. ಈ ಕೆಲಸದಲ್ಲಿ ನನಗೆ ತುಂಬಾ ಇಷ್ಟವಾದ ಭಾಗವೇ ಅದು.

ಹೆಜ್ಜೆ 3: ಹಬ್ಬದ ಜೊತೆ ಕೆಲಸ ಕಟ್ಟಿ

ಪೋಪ್ ಫ್ರಾನ್ಸಿಸ್ 2015ರಲ್ಲಿ 'ಲೌದಾತೊ ಸಿ' ಎಂಬ ಪತ್ರ ಬರೆದು, ಭೂಮಿ ನಮ್ಮೆಲ್ಲರ ಮನೆ, ಅದನ್ನು ನೋಡಿಕೊಳ್ಳುವುದು ನಂಬಿಕೆಯದೇ ಭಾಗ ಎಂದರು. ಸೆಪ್ಟೆಂಬರ್ 1ರಿಂದ, ಅಸ್ಸಿಸಿಯ ಸಂತ ಫ್ರಾನ್ಸಿಸರ ಹಬ್ಬವಾದ ಅಕ್ಟೋಬರ್ 4ರವರೆಗೆ ಬೇರೆ ಬೇರೆ ಸಭೆಗಳ ಕ್ರೈಸ್ತರು ಸೃಷ್ಟಿಗಾಗಿ ಪ್ರಾರ್ಥಿಸುತ್ತಾರೆ. ಸೆಪ್ಟೆಂಬರ್ 1ರ ಪ್ರಾರ್ಥನೆಯನ್ನು 1989ರಲ್ಲಿ ಶುರು ಮಾಡಿದ್ದು ಆರ್ಥೊಡಾಕ್ಸ್ ಸಭೆಯವರು.

ಈ ದಿನಗಳ ಮಧ್ಯದಲ್ಲೇ ನಮ್ಮ ಮೊಂತಿ ಹಬ್ಬ ಬರುತ್ತದೆ. ಸೆಪ್ಟೆಂಬರ್ 8, ಮಾತೆ ಮರಿಯಮ್ಮನ ಹುಟ್ಟುಹಬ್ಬ, ಹೊಸ ತೆನೆಯ ಹಬ್ಬ. ಪ್ರಕೃತಿಗೆ ಕೃತಜ್ಞತೆ ಹೇಳುವ ಹಬ್ಬ ನಮ್ಮ ಹತ್ತಿರ ಮೊದಲೇ ಇತ್ತು. ಹಾಗಾಗಿ ಪರಿಸರದ ಮಾತನ್ನು ಹೊಸದಾಗಿ ಕಲಿಸಬೇಕಾಗಿಲ್ಲ, ಹಬ್ಬವನ್ನು ಅದರ ಮಣ್ಣಿಗೆ ವಾಪಸು ತಂದರೆ ಸಾಕು.

ತೆನೆಯಿಂದ ಶುರು ಮಾಡಿ. ಈಗ ಸುತ್ತಲಿನ ಗದ್ದೆಗಳು ಬೇಸಾಯವಿಲ್ಲದೆ ಹಡಿಲು ಬಿದ್ದಿವೆ. ಎಷ್ಟೋ ಕಡೆ ಹಬ್ಬದ ತೆನೆಗಾಗಿ ದೂರದ ಊರಿನ ಗದ್ದೆ ಹುಡುಕಿಕೊಂಡು ಹೋಗುತ್ತಾರೆ. ಒಂದು ಸೆಂಟ್ಸ್ ಗದ್ದೆಯಲ್ಲೇ ಸಾವಿರಾರು ತೆನೆ ಬರುತ್ತದೆ. ಮನೆಗೊಂದರಂತೆ ಕೊಡಲು ಅಷ್ಟು ಸಾಕು. ಒಬ್ಬರ ಹಡಿಲು ಗದ್ದೆಯ ಒಂದು ಮೂಲೆಯನ್ನು ಕೇಳಿ ಪಡೆಯಿರಿ. ಎಂಒ4ನಂಥ ಸುಮಾರು 130 ದಿನದ ತಳಿಯಾದರೆ ಮೇ ಮಧ್ಯದಲ್ಲೇ ಬಾವಿಯ ನೀರಿನಲ್ಲಿ ಸಸಿಮಡಿ ಮಾಡಬೇಕು. ಆಗ ಹಬ್ಬದ ಹೊತ್ತಿಗೆ ಕಾಳು ಕಟ್ಟಿರುತ್ತದೆ. ತಡವಾದರೆ ಕಡಿಮೆ ದಿನದ ತಳಿ ಯಾವುದಿದೆ ಅಂತ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ. ಮಂಗಳೂರಿನಲ್ಲೂ ಬ್ರಹ್ಮಾವರದಲ್ಲೂ ಕೇಂದ್ರವಿದೆ.

ನೇಜಿ (ಭತ್ತದ ಸಸಿ) ನೆಡುವ ದಿನ ಕ್ರೈಸ್ತ ಶಿಕ್ಷಣದ ತರಗತಿಯನ್ನು ಗದ್ದೆಯಲ್ಲೇ ನಡೆಸಿ. ಚರ್ಚಿನ ಯುವ ಸಂಘಟನೆ ಐಸಿವೈಎಂನ ಯುವಕರು, ವಿದ್ಯಾರ್ಥಿ ಸಂಘಟನೆ ವೈಸಿಎಸ್‌ನ ಮಕ್ಕಳು, ನೇಜಿ ನೆಟ್ಟು ಗೊತ್ತಿರುವ ಹಿರಿಯ ಹೆಂಗಸರು ಎಲ್ಲರೂ ಇರಲಿ. ಹಿರಿಯರೇ ಕಲಿಸಲಿ. ತಾನು ನೆಟ್ಟ ಪೈರಿನ ತೆನೆ ಪೀಠದ ಮುಂದೆ ಆಶೀರ್ವಾದಕ್ಕೆ ಬರುವುದನ್ನು ನೋಡಿದ ಮಗು, ಆ ಸಂಜೆ ಹಾಲಿಗೆ ಬೆರೆಸಿದ ಹೊಸ ಅಕ್ಕಿಯನ್ನು ಬೇರೆ ರೀತಿಯಲ್ಲಿ ತಿನ್ನುತ್ತದೆ.

ನೊವೆನಾದ ಒಂಬತ್ತು ದಿನ ಮಕ್ಕಳು ಬುಟ್ಟಿಯಲ್ಲಿ ಹೂ ತರುತ್ತಾರೆ. ಹಿಂದೆ ಗುಡ್ಡದ ಕೇಪಳ, ಬೇಲಿಯ ದಾಸವಾಳ, ಮನೆಯ ಅಂಗಳದ ಗೋರಂಟಿ ಇರುತ್ತಿತ್ತು. ಈಗ ಅಂಗಡಿಯ ಸೇವಂತಿಗೆ ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಬರುತ್ತದೆ. ಬೈಯುವುದು ಬೇಡ. ಜೂನ್ ಮೊದಲ ಭಾನುವಾರ ಪ್ರತಿ ಮಗುವಿಗೂ ಒಂದು ದಾಸವಾಳದ ಗೆಲ್ಲು, ಒಂದು ಗೋರಂಟಿ ಗಿಡ ಕೊಟ್ಟು, "ಇದರ ಹೂವನ್ನು ಸೆಪ್ಟೆಂಬರಿನಲ್ಲಿ ಮಾತೆಗೆ ತಾ" ಅನ್ನಿ. ಗೋರಂಟಿ ಅಷ್ಟರಲ್ಲಿ ಹೂ ಬಿಡುತ್ತದೆ. ದಾಸವಾಳ ಮುಂದಿನ ವರ್ಷಗಳಿಗೆ ಉಳಿಯುತ್ತದೆ. ಅರ್ಪಿಸಿದ ಹೂವನ್ನು ಕಸದ ಚೀಲಕ್ಕೆ ತುಂಬಬೇಡಿ. ಅಂಗಳದಲ್ಲಿ ಒಂದು ಗೊಬ್ಬರದ ಗುಂಡಿ ಮಾಡಿ. ಆ ಗೊಬ್ಬರ ಮುಂದಿನ ವರ್ಷದ ಗಿಡಗಳಿಗೆ ಹೋಗಲಿ.

ಗರಿಗಳ ಭಾನುವಾರಕ್ಕೆ ತೆಂಗಿನ ಎಳೆ ಗರಿ ಬೇಕು. ಒಂದೇ ಮರದ ಸುಳಿಯನ್ನು ಮತ್ತೆ ಮತ್ತೆ ಕಡಿದರೆ ಮರ ಸೊರಗುತ್ತದೆ. ಹೇಗೂ ಕಡಿಯಬೇಕೆಂದಿರುವ ಮರ ಯಾರ ತೋಟದಲ್ಲಿದೆ ಅಂತ ಗುರಿಕಾರರು ಮೊದಲೇ ವಿಚಾರಿಸಿಡಲಿ. ಕೊಲಂಬಿಯಾದಲ್ಲಿ ಈ ಹಬ್ಬಕ್ಕಾಗಿ ಬೆಟ್ಟದ ಮೇಣದ ತಾಳೆಯ ಗರಿ ಕಡಿಯುತ್ತಿದ್ದರು. ಅದೇ ಮರದಲ್ಲಿ ಗೂಡು ಕಟ್ಟುವ ಹಳದಿ ಕಿವಿಯ ಗಿಳಿ ಇನ್ನೇನು ಅಳಿದೇಹೋಗುತ್ತದೆ ಎನ್ನುವ ಸ್ಥಿತಿ ಬಂದಿತ್ತು. ಪಕ್ಷಿಗಳನ್ನು ಉಳಿಸುವವರ ಜೊತೆ ಚರ್ಚೂ ಸೇರಿ, ಬೇರೆ ಗರಿ ಬಳಸಿ ಅಂತ ಜನರನ್ನು ಒಪ್ಪಿಸಿತು. ಗಿಳಿಗಳು ಮತ್ತೆ ಹೆಚ್ಚಿದವು. ಇನ್ನೊಂದು ಮಾತು: ಗರಿಗೆ ಪ್ಲಾಸ್ಟಿಕ್ ರಿಬ್ಬನ್ ಕಟ್ಟಬೇಡಿ. ಮುಂದಿನ ವರ್ಷ ವಿಭೂತಿ ಬುಧವಾರಕ್ಕೆ ಅದೇ ಗರಿಯನ್ನು ಸುಟ್ಟು ಬೂದಿ ಮಾಡಬೇಕು.

ತೀರಿಹೋದವರನ್ನು ನೆನೆಯುವ ನವೆಂಬರ್ 2ರಂದು ಸಿಮೆಟ್ರಿಯಲ್ಲಿ ಪ್ಲಾಸ್ಟಿಕ್ ಹಾರ, ಪ್ಲಾಸ್ಟಿಕ್ ಲೋಟದ ಮೇಣದ ಬತ್ತಿ ಬೇಡ ಅಂತ ಎರಡು ಭಾನುವಾರ ಮೊದಲೇ ಪ್ರಕಟಣೆ ಮಾಡಿಸಿ. ಅದೇ ದಿನ ಹೇಳಿದರೆ ಮನೆಯವರಿಗೆ ನೋವಾಗುತ್ತದೆ, ಅದು ಸರಿಯಲ್ಲ. ಕರಗಿದ ಮೇಣವನ್ನು ಒಟ್ಟು ಮಾಡಿ ಮತ್ತೆ ಬತ್ತಿ ಮಾಡಬಹುದು. ಕ್ರಿಸ್ಮಸ್ ಗೋದಲಿಗೆ ಥರ್ಮಾಕೋಲ್ ಬದಲು ಹಳೆಯ ಕಾಲದಂತೆ ತೆಂಗಿನ ಗರಟೆಯಲ್ಲಿ ಭತ್ತ, ರಾಗಿ ಮೊಳಕೆ ಬರಿಸಿ. ಡಿಸೆಂಬರ್ 14ರ ಸುಮಾರಿಗೆ ಬಿತ್ತಿದರೆ ಹಬ್ಬಕ್ಕೆ ಹಸಿರು ಗದ್ದೆ ಸಿದ್ಧ.

ಹೆಜ್ಜೆ 4: ಚರ್ಚ್ ಹಾಲ್‌ಗೆ ನಿಯಮ ಮಾಡಿ

2019ರ ಆಗಸ್ಟಿನಲ್ಲಿ ಮಂಗಳೂರಿನ ಪಚ್ಚನಾಡಿಯ ಕಸದ ಗುಡ್ಡ ಮಳೆಗೆ ಜಾರಿ ಕೆಳಗಿನ ಮಂದಾರದ ಮನೆಗಳನ್ನು, ಅಡಿಕೆ ತೋಟಗಳನ್ನು ಮುಚ್ಚಿಹಾಕಿತು. ಮದುವೆ, ಮದುವೆಯ ಮುಂಚಿನ ರೋಸ್ ಶಾಸ್ತ್ರ, ಹಬ್ಬದ ಊಟ ಆದ ಮರುದಿನ ನಮ್ಮ ಹಾಲ್‌ಗಳಿಂದ ಹೊರಡುವ ಚೀಲಗಳು ಇಂಥ ಗುಡ್ಡಕ್ಕೇ ಸೇರುತ್ತವೆ.

ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ, ಮೇಜಿನ ಮೇಲೆ ಹಾಸುವ ಪ್ಲಾಸ್ಟಿಕ್ ಹಾಳೆ, ಫ್ಲೆಕ್ಸ್ ಇವೆಲ್ಲವನ್ನೂ ಕರ್ನಾಟಕ ಸರಕಾರ 2016ರಲ್ಲೇ ನಿಷೇಧಿಸಿದೆ. ಹಾಲ್ ಬಾಡಿಗೆಯ ಪತ್ರದಲ್ಲಿ ಇದನ್ನು ಬರೆಯಿರಿ, ಬುಕಿಂಗ್ ದಿನವೇ ಓದಿ ಹೇಳಿ. ಆದರೆ ಬೇಡ ಅನ್ನುವ ಮೊದಲು ಬೇರೆ ದಾರಿ ತೋರಿಸಬೇಕು. 300 ಸ್ಟೀಲ್ ತಟ್ಟೆ, ಲೋಟ ಕೊಂಡು ಹಾಲ್‌ನಲ್ಲಿ ಇಡಿ. ತೊಳೆಯುವ ಕೆಲಸವನ್ನು ಸ್ತ್ರೀ ಸಂಘಟನೆಯವರ ತಲೆಗೆ ಸುಮ್ನೆ ಕಟ್ಟಬೇಡಿ. ತೊಳೆಯುವವರಿಗೆ ಕೂಲಿ ಕೊಡುವ ಹಾಗೆ ಬಾಡಿಗೆಯಲ್ಲೇ ಸೇರಿಸಿ. ತಟ್ಟೆ ಸಾಲದಿದ್ದರೆ ಬಾಳೆ ಎಲೆ, ಅಡಿಕೆ ಹಾಳೆಯ ತಟ್ಟೆ ಇದೆ. ನೀರಿನ ಸಣ್ಣ ಬಾಟಲಿಯ ಬದಲು ದೊಡ್ಡ ಕ್ಯಾನು ಮತ್ತು ಲೋಟ.

ಉಳಿದ ಊಟದ ವಿಷಯದಲ್ಲಿ, ಐದು ರೊಟ್ಟಿಯ ಕಥೆಯ ಕೊನೆಯಲ್ಲಿ ಉಳಿದ ತುಂಡುಗಳನ್ನು ಹನ್ನೆರಡು ಬುಟ್ಟಿಗಳಲ್ಲಿ ಒಟ್ಟು ಮಾಡಿದ್ದು ನಮಗೆಲ್ಲ ಗೊತ್ತು. ಊಟ ಮುಗಿದ ಒಂದು ಗಂಟೆಯೊಳಗೆ ಕೈ ತಾಗದ ಅನ್ನ, ಸಾರು ಯಾವ ಆಶ್ರಮಕ್ಕೆ, ಯಾವ ಹಾಸ್ಟೆಲಿಗೆ ಹೋಗಬೇಕು ಅಂತ ಮೊದಲೇ ಫೋನ್ ಮಾಡಿಟ್ಟಿರಿ.

ಹೆಜ್ಜೆ 5: ಈಗ ಗಿಡ ನೆಡಿ

ಅಕೇಶಿಯಾ ಬೇಡ. ನೇರಳೆ, ಕಾಟುಮಾವು, ಪುನರ್ಪುಳಿ, ಹೊನ್ನೆ, ಸುರಗಿ, ರೆಂಜೆ, ಹೆಬ್ಬಲಸು ಇವು ನಮ್ಮ ನೆಲದವು. ಅರಣ್ಯ ಇಲಾಖೆಯ ನರ್ಸರಿಯಲ್ಲಿ ಮೇ ತಿಂಗಳಲ್ಲೇ ಹೋಗಿ ಯಾವುದಿದೆ ನೋಡಿ. ನೂರು ನೆಡಬೇಡಿ, ವಾರ್ಡಿಗೆ ಎರಡರಂತೆ ನೆಡಿ. ಗಿಡದ ಪಕ್ಕ ನೆಟ್ಟವರ ಹೆಸರಿನ ಫಲಕ ಬೇಡ, ನೀರು ಹಾಕುವ ವಾರ್ಡಿನ ಹೆಸರು ಇರಲಿ. ಜನವರಿಯಿಂದ ಮೇವರೆಗೆ ಭಾನುವಾರ ಪೂಜೆಗೆ ಬರುವಾಗ ಆ ವಾರ್ಡಿನ ಒಂದು ಮನೆಯವರು ಎರಡು ಕೊಡ ನೀರು ಹಾಕಲಿ. ಬುಡಕ್ಕೆ ತೆಂಗಿನ ಸಿಪ್ಪೆ, ತರಗೆಲೆ ಮುಚ್ಚಿ. ತರಗೆಲೆಗೆ ಬೆಂಕಿ ಹಾಕುವ ಅಭ್ಯಾಸ ಇದ್ದರೆ ಅದನ್ನು ನಿಲ್ಲಿಸಿ.

ಇರುವ ಹಳೆಯ ಮರವನ್ನು ಕಡಿಯದೆ ಉಳಿಸುವುದು ಇದಕ್ಕಿಂತ ದೊಡ್ಡದು. ಉತ್ತರ ಇಥಿಯೋಪಿಯಾದಲ್ಲಿ ಸುತ್ತಲಿನ ಕಾಡೆಲ್ಲ ಹೊಲವಾದ ಮೇಲೂ ಆರ್ಥೊಡಾಕ್ಸ್ ಚರ್ಚುಗಳ ಸುತ್ತ ಮಾತ್ರ ಕಾಡು ಉಳಿದಿದೆ. ಮೇಲಿನಿಂದ ನೋಡಿದರೆ ಕಂದು ನೆಲದಲ್ಲಿ ಹಸಿರು ಚುಕ್ಕಿಗಳು. ದನ ನುಗ್ಗದಂತೆ ಅಲ್ಲಿಯ ಜನ ಹೊಲದ ಕಲ್ಲುಗಳನ್ನೇ ಆಯ್ದು ಸುತ್ತ ಗೋಡೆ ಕಟ್ಟಿದ್ದಾರೆ. ನಮ್ಮ ಊರಿನ ನಾಗಬನಗಳು ಉಳಿದದ್ದೂ ಇದೇ ಭಾವನೆಯಿಂದ ಅಲ್ವಾ? ಚರ್ಚಿನ ಹಿಂದೆ ಹತ್ತು ಸೆಂಟ್ಸ್ ಕುರುಚಲು ಜಾಗ ಇದ್ದರೆ ಅದನ್ನು ಚೊಕ್ಕ ಮಾಡದೆ ಹಾಗೇ ಬಿಡಿ.

ಹೆಜ್ಜೆ 6: ಬೇಲಿಯಾಚೆಗೆ ಹೋಗಿ

ಮಳೆ ನಿಂತ ಮೇಲೆ, ನವೆಂಬರ್ ಡಿಸೆಂಬರಿನಲ್ಲಿ ತೋಡಿಗೆ ಕಟ್ಟ (ತಾತ್ಕಾಲಿಕ ಒಡ್ಡು) ಹಾಕುವುದು ಇಲ್ಲಿಯ ಹಳೆಯ ಕ್ರಮ. ಮರಳಿನ ಚೀಲ, ಹಲಗೆ, ಮಣ್ಣು ಇದ್ದರೆ ಆಯಿತು. ಗದ್ದೆ ಕಡಿಮೆಯಾದಂತೆ ಕಟ್ಟಗಳೂ ಕಡಿಮೆಯಾದವು. ತೋಡಿನ ಪಕ್ಕದ ವಾರ್ಡಿನವರು ದೇವಸ್ಥಾನದವರನ್ನು, ಮಸೀದಿಯವರನ್ನು, ಪಂಚಾಯಿತಿ ಸದಸ್ಯರನ್ನು ಕರೆದು ಒಂದು ಭಾನುವಾರ ಕಟ್ಟ ಕಟ್ಟಿ. ಮಧ್ಯಾಹ್ನ ಎಲ್ಲರಿಗೂ ಗಂಜಿ ಚಟ್ನಿ ಚರ್ಚಿನ ಕಡೆಯಿಂದ ಇರಲಿ. ಹೊಸ ಮಳೆಗೆ ಮೊದಲು ಚೀಲಗಳನ್ನು ತೆಗೆಯುವವರು ಯಾರು ಅಂತ ಅವತ್ತೇ ತೀರ್ಮಾನ ಮಾಡಿ, ಇಲ್ಲದಿದ್ದರೆ ಜೂನಿನಲ್ಲಿ ಪಕ್ಕದ ತೋಟಕ್ಕೆ ನೀರು ನುಗ್ಗುತ್ತದೆ.

ಹೆಜ್ಜೆ 7: ಒಂದು ಪುಸ್ತಕ ಇಡಿ

ದಪ್ಪ ರಟ್ಟಿನ ಒಂದು ನೋಟು ಪುಸ್ತಕ ತನ್ನಿ. ಅಡಿಗೊಂದು ಗಂಟು ಹಾಕಿದ ಹಗ್ಗಕ್ಕೆ ಕಲ್ಲು ಕಟ್ಟಿ, ಪ್ರತಿ ತಿಂಗಳ ಮೊದಲ ಭಾನುವಾರ ಬಾವಿಯ ದಂಡೆಯಿಂದ ನೀರು ಎಷ್ಟು ಅಡಿ ಕೆಳಗಿದೆ ಅಂತ ಅಳೆದು ಬರೆಯಿರಿ. ಬೆಳಿಗ್ಗೆ ಪಂಪು ಹಾಕುವ ಮೊದಲೇ ಅಳೆಯಬೇಕು. ಈ ಕೆಲಸ ಎಂಟನೇ ತರಗತಿಯ ಇಬ್ಬರು ಮಕ್ಕಳಿಗೆ ಕೊಡಿ. ಅವರು ದೊಡ್ಡವರಾದ ಮೇಲೆ ಮುಂದಿನ ಇಬ್ಬರಿಗೆ ಕೊಡಲಿ. ಯಾವ ಗಿಡ ಯಾವ ವಾರ್ಡಿನದ್ದು, ನೇಜಿ ನೆಟ್ಟ ತಾರೀಕು, ಜಲ್ಲಿ ಮರಳು ತೊಳೆದ ದಿನ, ತಟ್ಟೆ ಎಷ್ಟು ಉಳಿದಿದೆ, ಎಲ್ಲ ಅದರಲ್ಲೇ ಬರಲಿ.

ಆ ಪುಸ್ತಕ ಯಾರ ಮನೆಯಲ್ಲೂ ಬೇಡ. ಚರ್ಚ್ ಕಚೇರಿಯ ಕಪಾಟಿನಲ್ಲಿ ದೀಕ್ಷಾಸ್ನಾನ, ಮದುವೆ, ಮರಣದ ದಾಖಲೆ ಪುಸ್ತಕಗಳ ಪಕ್ಕದಲ್ಲೇ ಇರಲಿ. ಹೊಸ ಫಾದರ್ ಅಧಿಕಾರ ವಹಿಸಿಕೊಳ್ಳುವ ದಿನ ಬೀಗದ ಕೈಯ ಜೊತೆ ಅದನ್ನೂ ಅವರ ಕೈಗೆ ಕೊಟ್ಟು, ಬಾವಿಯ ದಂಡೆಗೆ ಕರೆದುಕೊಂಡು ಹೋಗಿ ಆ ತಿಂಗಳ ಅಳತೆಯನ್ನು ಅವರಿಂದಲೇ ಬರೆಸಿ.